ಅಳಿಯನನ್ನು ಅಳಿಸಿದ ದಿನ

ಅಂದಿನ ಅನಾಹುತಕ್ಕೆಲ್ಲ ಮೂಲ ಒಂದು ಹಳೆಯ ಆರಾಮ ಕುರ್ಚಿ. ಅದರ ಒಂದು ಕಾಲು ಅಲ್ಲಾಡುತ್ತಿತ್ತು, ಬೆತ್ತ ಅಲ್ಲಲ್ಲಿ ಹರಿದಿತ್ತು, ಕೂತರೆ ಕಿರ್ರೆಂದು ಗೊಣಗುತ್ತಿತ್ತು. ಮೂರನೇ ಮಹಡಿಯ ಅಳಿಯಂದಿರು ಮನೆ ಚೊಕ್ಕಟ ಮಾಡುವ ಹುರುಪಿನಲ್ಲಿ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಅದು ತೀರಿಹೋದ ಮಾವನವರ ಕುರ್ಚಿ ಅನ್ನುವುದು ಅವರಿಗೆ ಗೊತ್ತಿತ್ತು. ಅತ್ತೆಯವರು ದಿನಾ ಸಂಜೆ ಅದರ ಕೈಯನ್ನು ಸೆರಗಿನಿಂದ ಒರೆಸುತ್ತಿದ್ದರು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಮ್ಮನವರು ದಡದಡನೆ ಮೆಟ್ಟಿಲಿಳಿದು, ನೆಲಮಾಳಿಗೆಯಲ್ಲಿ ನೀರಿನ ಪಂಪಿನ ಪಕ್ಕದ ಕೋಣೆಗೆ ನುಗ್ಗಿದರು. ಅಲ್ಲಿ ಕಂಪ್ಯೂಟರಿನ ಮುಂದೆ ನಮ್ಮ ಆಯ್ತುಬಿಡಿ ಕೂತಿದ್ದ.

ಆಯ್ತುಬಿಡಿ ಅನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಟ್ಟಡದವರು ಇಟ್ಟದ್ದು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಹೊರಡುವ ಮಾತು ಅದು. ಯೋಚನೆ ಆಮೇಲೆ ನಿಧಾನವಾಗಿ ಬರುತ್ತಿತ್ತು, ಮದುವೆ ಮುಗಿದ ಮೇಲೆ ಬರುವ ನೆಂಟರ ಹಾಗೆ. ಕಟ್ಟಡದ ದೊಡ್ಡ ಗೇಟು ಹೆಬ್ಬೆರಳು ಒತ್ತಿದರೆ ತಾನೇ ತೆರೆದುಕೊಳ್ಳುತ್ತದಲ್ಲ, ಆ ಗೇಟಿನ ಪ್ರೋಗ್ರಾಂ ಬರೆದವನು ಅವನೇ. ಪ್ರೋಗ್ರಾಮು ಕಾಯಂ ಆಗಿ ಗೇಟಿನಲ್ಲಿತ್ತು, ಬರೆದವನು ಮಾತ್ರ ಇನ್ನೂ ಹಂಗಾಮಿ ನೌಕರ. ಅಕ್ಕನ ಮನೆಯ ಹಜಾರದಲ್ಲಿ ಮಲಗುತ್ತಿದ್ದ. ಬೆಳಿಗ್ಗೆ ಭಾವ ಪೇಪರು ಓದಲು ಬರುವ ಮುಂಚೆ ಹಾಸಿಗೆ ಸುತ್ತಿಡಬೇಕು. ಕೆಲಸ ಕಾಯಂ ಆದರೆ ಒಂದು ಸ್ವಂತ ಕೋಣೆ ಹಿಡಿದು, ಮನಸ್ಸು ಬಂದಷ್ಟು ಹೊತ್ತು ಹಾಸಿಗೆ ಸುತ್ತದೆ ಬಿಡಬೇಕು ಎನ್ನುವುದು ಅವನ ಜೀವನದ ಆಸೆ.

ಆ ಆಸೆ ಅವತ್ತೇ ಕೈಗೂಡುವ ಹಾಗಿತ್ತು. ಸಂಜೆ ಬಾಸು ಒಬ್ಬ ದೊಡ್ಡ ಗಿರಾಕಿಯನ್ನು ಕರೆದುಕೊಂಡು ಬರುವವರಿದ್ದರು. "ಅವರ ಕಾಲನಿಗೆ ನಮ್ಮ ಗೇಟು ಒಪ್ಪಿಗೆ ಆಯ್ತು ಅಂದ್ರೆ ನೀನೂ ಕಾಯಂ. ಇವತ್ತು ಮಾತ್ರ ಏನೂ ಮುಟ್ಟಬೇಡ ಕಣಯ್ಯ" ಎಂದು ಹೇಳಿ ಹೋಗಿದ್ದರು. ಅವನು ಆಯ್ತು ಬಿಡಿ ಸಾರ್ ಎಂದಿದ್ದ.

"ಏನಪ್ಪಾ, ಒಬ್ಬರನ್ನ ಗೇಟಿಂದ ತೆಗೆದುಹಾಕಬೇಕಿತ್ತು" ಎಂದರು ಅತ್ತೆಮ್ಮ.

"ಆಯ್ತು ಬಿಡಿ ಅಮ್ಮಾ. ಯಾರನ್ನ?"

"ನನ್ನ ಅಳಿಯನ್ನ."

ಆಯ್ತುಬಿಡಿ ಕೀಲಿಮಣೆಯಿಂದ ಕೈ ತೆಗೆದ. "ಅಮ್ಮಾ, ಅವರು ಈ ಕಟ್ಟಡದ ಸಂಘದ ಕಾರ್ಯದರ್ಶಿ..."

"ಕಾರ್ಯದರ್ಶಿಗಿರಿ ಎಲ್ಲಾ ಕೆಳಗೆ ಮೀಟಿಂಗ್‌ನಲ್ಲಿ. ಮೇಲೆ ಮನೆ ನನ್ನದು, ಅವರು ಮನೆಯಳಿಯ. ನಮ್ಮ ಯಜಮಾನ್ರ ಕುರ್ಚೀನ ಹೊರಗೆ ಹಾಕಿದ್ರಲ್ಲ, ಸಂಜೆವರೆಗೆ ಅವರೂ ಹೊರಗೆ ನಿಂತು ನೋಡ್ಲಿ, ಹೇಗಿರುತ್ತೆ ಅಂತ. ಸಂಜೆ ಮತ್ತೆ ಸೇರಿಸು. ಯಾರಿಗೆ ಗೊತ್ತಾಗುತ್ತೆ?"

"ಇವತ್ತು ಏನೂ ಮುಟ್ಟಬೇಡ ಅಂತ ನಮ್ಮ ಬಾಸು..."

ಅತ್ತೆಮ್ಮನವರ ಕಣ್ಣಲ್ಲಿ ನೀರು ತುಂಬಿತು. ಅದು ನಾಟಕದ ನೀರಲ್ಲ. ಇವನಿಗೆ ಹೆಂಗಸರ ಕಣ್ಣೀರೆಂದರೆ ಮೊದಲಿಂದಲೂ ಆಗದು. ಪರದೆಯ ಮೇಲೆ ಕಾರ್ಯದರ್ಶಿಗಳ ಹೆಸರು ಹುಡುಕಿ, ಅಳಿಸು ಎಂಬಲ್ಲಿ ಒತ್ತಿದ. 'ಇವರಿಗೆ ಸೇರಿದ ದಾಖಲೆಗಳೂ ಅಳಿಸಿಹೋಗುತ್ತವೆ. ಮುಂದುವರಿಯಲೇ?' ಎಂದು ಕಂಪ್ಯೂಟರು ಕೇಳಿತು. ಅವರದೊಂದು ಸ್ಕೂಟರು ಇದೆ, ಅದೇ ಇರಬೇಕು ಎಂದುಕೊಂಡ.

"ಹೂಂ ಅನ್ನಪ್ಪ, ಪಾಪ ಕೇಳ್ತಾ ಇದೆ" ಎಂದರು ಅತ್ತೆಮ್ಮ. ಹೂಂ ಅಂದುಬಿಟ್ಟ.

ಒಂದು ಸ್ಕೂಟರು ಅಳಿಸುವುದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಪರದೆಯ ಮೇಲಿನ ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಅತ್ತೆಮ್ಮ ಹಗುರಾದ ಮನಸ್ಸಿನಿಂದ ಚೀಲ ಹಿಡಿದು ತರಕಾರಿಗೆ ಹೋದರು. ಆಯ್ತುಬಿಡಿ ಪರದೆಗೆ ಮೂಗು ತಾಗುವಷ್ಟು ಬಾಗಿ ಕೂತ.

ಚಕ್ರ ನಿಂತಿತು. ಮನೆಗಳ ಪಟ್ಟಿ ತೆರೆದ, ಖಾಲಿ. ಜನರ ಪಟ್ಟಿ ತೆರೆದ, ಖಾಲಿ. ವಾಹನ, ಬೆರಳಚ್ಚು, ಕೆಲಸದವರು, ನಾಲ್ಕನೇ ಮಹಡಿಯವರ ನಾಯಿ, ಎಲ್ಲವೂ ಗುಡಿಸಿ ಸಾರಿಸಿದ ಹಾಗೆ ಖಾಲಿ.

ಆಗ ಅವನಿಗೆ ಹಳೆಯದೆಲ್ಲ ನೆನಪಾಯಿತು. ಈಗಿನ ಪದ್ಧತಿಯಲ್ಲಿ ಇಂಥ ಪ್ರೋಗ್ರಾಂ ಬರೆಯುವುದು ಸುಲಭ. ಮನೆ, ಮನುಷ್ಯ, ವಾಹನ ಎಂದು ಬರೆದು, ಯಾವುದು ಯಾವುದಕ್ಕೆ ಸೇರಿದ್ದು, ಅಂದರೆ ಯಾವುದು ತಾಯಿ ಯಾವುದು ಮಗು ಎಂದು ಹೇಳಿಬಿಟ್ಟರೆ ಸಾಕು. ಒಳಗಿನ ಡೇಟಾಬೇಸಿನ ಗುದ್ದಾಟವನ್ನೆಲ್ಲ ಯಂತ್ರವೇ ನೋಡಿಕೊಳ್ಳುತ್ತದೆ. ಮನುಷ್ಯರು ಮನೆಯ ಮಕ್ಕಳು, ಸ್ಕೂಟರು ಬೆರಳಚ್ಚುಗಳು ಮನುಷ್ಯರ ಮಕ್ಕಳು. ಮನೆಗಳೆಲ್ಲ ಯಾರ ಮಕ್ಕಳು? ನ್ಯಾಯವಾಗಿ ಕಟ್ಟಡದ ಮಕ್ಕಳಾಗಬೇಕಿತ್ತು. ಆದರೆ ಶುರುವಿನ ದಿನ ಕಾರ್ಯದರ್ಶಿಗಳು ಇವನ ಬೆನ್ನಹಿಂದೆಯೇ ನಿಂತು, "ಎಲ್ಲದಕ್ಕಿಂತ ಮೇಲೆ ನನ್ನ ಹೆಸರು ಬರಬೇಕು ನೋಡು" ಎಂದಿದ್ದರು. ಇವನು ಆಯ್ತು ಬಿಡಿ ಎಂದು, ಕಟ್ಟಡದ ಮನೆಗಳನ್ನೆಲ್ಲ ಅವರ ಮಕ್ಕಳನ್ನಾಗಿ ಮಾಡಿದ್ದ. ಸಾಲದ್ದಕ್ಕೆ, ಪರೀಕ್ಷೆಯ ದಿನಗಳಲ್ಲಿ ಸುಳ್ಳು ಮನೆಗಳನ್ನು ಬೇಗ ಅಳಿಸಲು ಅನುಕೂಲವೆಂದು 'ತಾಯಿ ಹೋದರೆ ಮಕ್ಕಳೂ ಹೋಗಲಿ' ಎಂಬ ಅರ್ಥದ ಒಂದು ಸಾಲು ಸೇರಿಸಿದ್ದ. ಆಮೇಲೆ ತೆಗೆಯೋಣ ಎಂದುಕೊಂಡಿದ್ದ. ಆಮೇಲೆ ಅನ್ನುವುದು ಅವತ್ತಿನವರೆಗೂ ಬಂದಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಗದ್ದಲ ಕೇಳಿಸಿತು. ಓಡಿಹೋಗಿ ನೋಡಿದರೆ ಗೇಟಿನ ಎರಡೂ ಕಡೆ ಜಾತ್ರೆ! ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಯಾರು ಹೆಬ್ಬೆರಳು ಒತ್ತಿದರೂ ಕೆಂಪು ದೀಪ, ಮೇಲೊಂದು ನಯವಾದ ಹೆಣ್ಣು ದನಿ: "ಕ್ಷಮಿಸಿ, ನಿಮ್ಮ ಗುರುತು ಸಿಗಲಿಲ್ಲ."

"ಇಲ್ಲೇ ಹುಟ್ಟಿ ಬೆಳೆದೋನು ನಾನು, ಗುರುತು ಸಿಗಲಿಲ್ವಂತೆ!" ಎಂದು ಮೊದಲ ಮಹಡಿಯ ದರ್ಜಿ ಕೂಗಾಡುತ್ತಿದ್ದ. ನಾಲ್ಕನೇ ಮಹಡಿಯ ನರ್ಸಮ್ಮ ರಾತ್ರಿಪಾಳಿ ಮುಗಿಸಿ ಬಂದು ಹೊರಗೆ ನಿಂತು ತೂಕಡಿಸುತ್ತಿದ್ದಳು. ಕಾವಲಿನ ತಾತ ಹೆಬ್ಬೆರಳನ್ನು ಪಂಚೆಗೆ ಉಜ್ಜಿ ಉಜ್ಜಿ ಒತ್ತುತ್ತಿದ್ದ. ಕೈಯಲ್ಲಿ ತೆಗೆಯೋಣವೆಂದರೆ ಚಿಲಕವೇ ಇಲ್ಲ. ತಾತ ಬೇಕಾದವರನ್ನು ಬಿಡುತ್ತಾನೆಂದು ಕಾರ್ಯದರ್ಶಿಗಳೇ ಅದಕ್ಕೆ ಬೆಸುಗೆ ಹಾಕಿಸಿದ್ದರು.

ಆ ಕಾರ್ಯದರ್ಶಿಗಳು ಬೆಳಗಿನ ನಡಿಗೆ ಮುಗಿಸಿ, ಬೆವರೊರೆಸಿಕೊಳ್ಳುತ್ತ ಹೊರಗೇ ನಿಂತಿದ್ದರು. ಪಕ್ಕದಲ್ಲೇ ತರಕಾರಿ ಚೀಲ ಹಿಡಿದ ಅತ್ತೆಮ್ಮ. ಅಳಿಯನನ್ನು ಹೊರಗೆ ಹಾಕಲು ಹೋಗಿ ತಾವೂ ಹೊರಗೆ ಬಿದ್ದದ್ದು ಹೇಗೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಇಡೀ ಕೊಟ್ಟಿಗೆಗೇ ಬರೆ ಬಿದ್ದಿತ್ತು.

"ಏನಯ್ಯಾ ಇದು ನಿನ್ನ ಗೇಟು?" ಕಾರ್ಯದರ್ಶಿಗಳು ಸರಳಿನ ಸಂದಿಯಿಂದ ಗುಡುಗಿದರು.

"ಐದು ನಿಮಿಷ ಸಾರ್. ನಿನ್ನೆಯ ಪಟ್ಟಿಯ ನಕಲು ಇದೆ, ವಾಪಸ್ ತುಂಬಿಬಿಡ್ತೀನಿ" ಎಂದು ಆಯ್ತುಬಿಡಿ ಕೆಳಗೆ ಓಡಿದ. ನಕಲು ಇತ್ತು, ಅದೇ ಪುಣ್ಯ. ಆದರೆ ತುಂಬಹೊರಟರೆ ಕಂಪ್ಯೂಟರು ಹೇಳಿತು: ಮೊದಲು ತಾಯಿ, ಆಮೇಲೆ ಮಕ್ಕಳು. ತಾಯಿ ಅಂದರೆ ಕಾರ್ಯದರ್ಶಿ. ಅವರು ಸ್ವತಃ ಗೇಟಿನ ಡಬ್ಬಿಯ ಮೇಲೆ ಹೆಬ್ಬೆರಳು ಒತ್ತಿ ಒಪ್ಪದೆ ಪಟ್ಟಿ ತುಂಬಕೂಡದು. ಇದೂ ಅವರೇ ಹಾಕಿಸಿದ ನಿಯಮ. ಅಳಿಸುವುದಕ್ಕೂ ಅಂಥದೊಂದು ನಿಯಮ ಬೇಕೆಂದು ಅವರಿಗೂ ಹೊಳೆದಿರಲಿಲ್ಲ, ಇವನಿಗೂ ಹೊಳೆದಿರಲಿಲ್ಲ.

ಮತ್ತೆ ಮೇಲೆ ಓಡಿದ. "ಸಾರ್, ನಿಮ್ಮ ಹೆಬ್ಬೆರಳು ಒಂದು ಸಲ ಒತ್ತಿಬಿಡಿ, ಎಲ್ಲ ಸರಿಹೋಗುತ್ತೆ."

"ಒತ್ತೋಣ. ಮೊದಲು ಹೇಳು, ನನ್ನ ಹೆಸರು ತೆಗೆದದ್ದು ಯಾರು?"

ಅವನ ಸಂಕಟ ನೋಡಲಾರದೆ ಅತ್ತೆಮ್ಮನವರೇ ಮುಂದೆ ಬಂದರು. "ಅವನನ್ನ ಯಾಕೆ ಹೆದರಿಸ್ತೀರಿ? ತೆಗೆಸಿದ್ದು ನಾನು."

"ನೀವಾ ಅತ್ತೆ?"

"ನಾನೇ. ನೀವು ಕುರ್ಚಿ ತೆಗೆದ್ರಿ, ನಾನು ನಿಮ್ಮನ್ನ ತೆಗೆದೆ."

"ಆ ಮುರುಕಲು ಕುರ್ಚಿಗೋಸ್ಕರ..."

"ಮುರುಕಲು ಅಂದ್ರಾ? ಆ ಕುರ್ಚಿ ವಾಪಸ್ ಬರೋವರೆಗೂ ನಿಮ್ಮ ಹೆಬ್ಬೆರಳು ಈ ಡಬ್ಬಿ ಮುಟ್ಟಕೂಡದು!" ಎಂದವರೇ ತರಕಾರಿ ಚೀಲವನ್ನು ತಲೆಕೆಳಗಾಗಿ ಬೆರಳಿಡುವ ಡಬ್ಬಿಗೆ ತೊಡಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರು. ಬದನೆಕಾಯಿಗಳು ರಸ್ತೆಯ ಇಳಿಜಾರಿನಲ್ಲಿ ಉರುಳಿಹೋದವು.

ಜನ ಎರಡು ಪಕ್ಷವಾದರು. ದರ್ಜಿ ಅತ್ತೆಯ ಕಡೆ, ಕಾರಿನವರೆಲ್ಲ ಅಳಿಯನ ಕಡೆ. ನರ್ಸಮ್ಮ ಯಾವ ಪಕ್ಷಕ್ಕೂ ಸೇರದೆ ಗೋಡೆಗೊರಗಿ ನಿದ್ದೆಹೋದಳು. ಕಾರ್ಯದರ್ಶಿಗಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, "ಅವರು ಬೇಡಿಕೊಂಡ್ರೂ ನಾನೀಗ ಒತ್ತಲ್ಲ" ಎಂದು ಘೋಷಿಸಿದರು. ಆಯ್ತುಬಿಡಿಗೆ ಅಕ್ಕನ ಮನೆಯ ಹಜಾರ, ಸುತ್ತಿಟ್ಟ ಹಾಸಿಗೆ, ಭಾವನ ಪೇಪರು ಒಂದರ ಹಿಂದೊಂದು ಕಣ್ಣಿಗೆ ಕಟ್ಟಿದವು. ಅವನು ಇನ್ನೊಂದು ಮಾತಾಡದೆ ಸೈಕಲ್ ನಿಲ್ಲಿಸುವ ಕಟ್ಟೆ ಹತ್ತಿ, ಕಾಂಪೌಂಡಿನ ಮೇಲಿಂದ ಹೊರಕ್ಕೆ ಹಾರಿದ. ಪ್ಯಾಂಟಿನ ಒಂದು ತುಂಡು ಗೋಡೆಯ ಮೇಲೆಯೇ ಉಳಿಯಿತು.

ಗುಜರಿ ಅಂಗಡಿಯಲ್ಲಿ ಗುಜರಿಯವನು ಅದೇ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. "ಕೊಡಲ್ಲ ಸ್ವಾಮಿ. ಹುಟ್ಟಿದಾಗಿಂದ ನನ್ನ ಬೆನ್ನಿಗೆ ಇಷ್ಟು ಸುಖ ಸಿಕ್ಕಿರಲಿಲ್ಲ."

"ಅಣ್ಣಾ, ಈ ಕುರ್ಚಿ ಸಿಗದಿದ್ರೆ ಒಂದು ಕಟ್ಟಡ ತುಂಬ ಜನ ಬೀದೀಲಿ ನಿಲ್ತಾರೆ."

"ನನ್ನ ಕುರ್ಚಿಗೂ ಅವರಿಗೂ ಏನು ಸಂಬಂಧ?"

ಆ ಸಂಬಂಧವನ್ನು ವಿವರಿಸಲು ಹೋಗಿ ಆಯ್ತುಬಿಡಿ ತಾಯಿ, ಮಗು, ಅಳಿಯ, ಹೆಬ್ಬೆರಳು ಎಂದೆಲ್ಲ ಹೇಳಿದ. ಗುಜರಿಯವನು ಅವನ ಹರಿದ ಪ್ಯಾಂಟನ್ನೂ ಮುಖವನ್ನೂ ನೋಡಿ, ಇವನಿಗೆ ಬಿಸಿಲು ತಲೆಗೇರಿದೆ ಎಂದು ಖಾತ್ರಿ ಮಾಡಿಕೊಂಡ. ಮಧ್ಯಾಹ್ನವೆಲ್ಲ ಅಂಗಲಾಚಿ, ಕೊನೆಗೆ ಕೈಗಡಿಯಾರ ಬಿಚ್ಚಿಕೊಟ್ಟ ಮೇಲೆಯೇ ಅವನು ಎದ್ದದ್ದು.

ಕುರ್ಚಿಯನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಆಯ್ತುಬಿಡಿ ಬೀದಿಯಲ್ಲಿ ಓಡಿದ. ಗಡಿಯಾರವಿಲ್ಲದ್ದರಿಂದ ಸಿಕ್ಕಸಿಕ್ಕವರನ್ನೆಲ್ಲ ಗಂಟೆಯೆಷ್ಟು ಎಂದು ಕೇಳುತ್ತಿದ್ದ. ಅವರೆಲ್ಲ ಗಂಟೆ ಹೇಳುವ ಮೊದಲು ಕುರ್ಚಿ ಯಾರದು ಎಂದು ಕೇಳುತ್ತಿದ್ದರು. ಹಿಂದೆ ಒಂದು ನಾಯಿ, ಅದರ ಹಿಂದೆ ಶಾಲೆ ಬಿಟ್ಟ ಮಕ್ಕಳ ಒಂದು ಹಿಂಡು. ಸಂಜೆಯಾಗುತ್ತ ಬಂದಿತ್ತು.

ಕುರ್ಚಿ ಗೇಟಿನ ಮುಂದೆ ಇಳಿದಾಗ ಎರಡೂ ಪಕ್ಷದವರು ದಾರಿ ಬಿಟ್ಟರು. ಅತ್ತೆಮ್ಮ ಮೆಲ್ಲನೆ ಬಂದು, ಅದರ ಕೈಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಅಳಿಯಂದಿರು ನೋಡುತ್ತ ನಿಂತರು. ಅವರು ಹೆಮ್ಮೆಯ ಮನುಷ್ಯರೇ ಹೊರತು ಕೆಟ್ಟವರಲ್ಲ. ಮುಷ್ಟಿ ತಾನಾಗಿ ಸಡಿಲವಾಯಿತು.

"ಅತ್ತೆ, ಇಷ್ಟು ಹಚ್ಕೊಂಡಿದ್ದೀರಿ ಅಂತ ಗೊತ್ತಿದ್ರೆ ಮುಟ್ತಾನೇ ಇರಲಿಲ್ಲ. ತಪ್ಪಾಯ್ತು."

"ನಾನೂ ದುಡುಕಿದೆ ಅಳಿಯಂದ್ರೇ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಬನ್ನಿ, ಒತ್ತಿ."

ಕಾರ್ಯದರ್ಶಿಗಳು ಒತ್ತಿದರು. ಆಯ್ತುಬಿಡಿ ಗೋಡೆ ಹಾರಿ, ನೆಲಮಾಳಿಗೆಗೆ ಧುಮುಕಿ, ಪಟ್ಟಿ ತುಂಬಿದ. ಮೊದಲು ಕಾರ್ಯದರ್ಶಿ, ಅವರ ಹಿಂದೆ ಮನೆಗಳು, ಮನೆಗಳ ಹಿಂದೆ ಮನುಷ್ಯರು, ಕೊನೆಗೆ ನಾಯಿ, ಮದುವೆಯ ದಿಬ್ಬಣದ ಹಾಗೆ ಸಾಲಾಗಿ ಬಂದರು. ಹಸಿರು ದೀಪ! ಗೇಟು ಸರ್ರನೆ ಸರಿಯಿತು. ಜನ ಕೇಕೆ ಹಾಕಿದರು, ದರ್ಜಿ ಶಿಳ್ಳೆ ಹೊಡೆದ, ನರ್ಸಮ್ಮನನ್ನು ಎಬ್ಬಿಸಿ ಒಳಗೆ ಕಳಿಸಿದರು. ಅತ್ತೆಮ್ಮನವರು ಕುರ್ಚಿಯನ್ನು ಗೇಟಿನ ಒಳಗೇ ಹಾಕಿಸಿ, ಹಾಯಾಗಿ ಕೂತರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಸುಳ್ಳಲ್ಲ. ಆಯ್ತುಬಿಡಿ ಕೆಳಗೆ ಕೂತು, ಆ ಹಾಳು ಸಾಲನ್ನು ಹುಡುಕಿ ಕಿತ್ತೆಸೆದ. ಇನ್ನು ತಾಯಿ ಅಳಿದರೂ ಮಕ್ಕಳು ಅಳಿಯುವುದಿಲ್ಲ, ತಮ್ಮ ಪಾಡಿಗೆ ತಾವು ಉಳಿಯುತ್ತಾರೆ. ಎಷ್ಟೋ ದಿನದಿಂದ ಬಾಕಿಯಿದ್ದ ಕೆಲಸ ಮುಗಿಸಿದ ಖುಷಿಗೆ ಅವನಿಗೆ ಕುಣಿಯಬೇಕೆನಿಸಿತು. ಸ್ವಂತ ಕೋಣೆಯ ಕಿಟಕಿ ಯಾವ ದಿಕ್ಕಿಗಿದ್ದರೆ ಚೆನ್ನ ಎಂದು ಯೋಚಿಸುತ್ತ ಮೇಲೆ ಬಂದ.

ಬಾಸು ಬಂದಾಗಿತ್ತು. ಜೊತೆಗೆ ಗಿರಾಕಿ, ಬಿಳಿ ಮೀಸೆಯ ಗಂಭೀರ ಹಿರಿಯರು. ಇಬ್ಬರೂ ಗೇಟಿನ ಪಕ್ಕ ನಿಂತು ನೋಡುತ್ತಿದ್ದರು. ಕಾರು ಬಂತು, ಗೇಟು ತೆರೆಯಿತು. ದರ್ಜಿ ಹೊರಟ, ತೆರೆಯಿತು. ನಾಯಿ ಬಂತು, ಕೊರಳಪಟ್ಟಿಯ ಬಿಲ್ಲೆ ನೋಡಿ ಅದಕ್ಕೂ ತೆರೆಯಿತು. ಬಾಸಿನ ಮುಖ ಒಂದೊಂದು ಸಲಕ್ಕೂ ಇಷ್ಟಿಷ್ಟೇ ಅರಳುತ್ತಿತ್ತು, ಗಿರಾಕಿಯ ಮುಖ ಅಷ್ಟಷ್ಟೇ ಮುದುಡುತ್ತಿತ್ತು.

"ಇದಲ್ಲ" ಎಂದರು ಹಿರಿಯರು.

"ಏನು ಸಾರ್?"

"ನಾನು ಬೆಳಿಗ್ಗೇನೇ ಬಂದಿದ್ದೆ. ನೀವು ತೋರಿಸೋದು ಒಂದು, ಇರೋದು ಒಂದು ಇರಬಾರದು ನೋಡಿ. ಅದಕ್ಕೇ ಎದುರಿನ ಅಂಗಡೀಲಿ ಕೂತು ನೋಡ್ದೆ. ಆಹಾ, ಎಂಥಾ ಗೇಟು ರೀ ಅದು! ಕಾರಿನೋರು, ಕಾಲ್ನಡಿಗೆಯೋರು, ಬಾಡಿಗೆಯೋರು, ಸ್ವಂತದೋರು, ಕೊನೆಗೆ ಇಲ್ಲಿನ ಕಾರ್ಯದರ್ಶೀನೇ ಬಿಸಿಲಲ್ಲಿ ನಿಂತಿದ್ರು! ಯಾರ ಮುಲಾಜೂ ಇಲ್ಲ, ಯಾರ ಶಿಫಾರಸೂ ಇಲ್ಲ. ನಮ್ಮ ಕಾಲನೀಲಿ ಪ್ರತಿಯೊಬ್ಬರೂ ನಮಗೊಂದು ವಿನಾಯಿತಿ ಕೊಡಿ ಅಂತ ನನ್ನ ಪ್ರಾಣ ತಿಂತಾರೆ. ಆ ಗೇಟನ್ನ ಎಲ್ಲಾ ಕಡೆ ಹಾಕಿಸಬೇಕು ಅಂತ ಆಗಲೇ ತೀರ್ಮಾನ ಮಾಡಿದ್ದೆ. ಇದೇನಿದು, ನಾಯಿಗೂ ತೆರೆಯುತ್ತೆ?"

ಬಾಸು ನಿಧಾನವಾಗಿ ಆಯ್ತುಬಿಡಿಯ ಕಡೆ ತಿರುಗಿದರು. "ಬೆಳಿಗ್ಗೆ ಗೇಟು ಮುಚ್ಚಿತ್ತಾ?"

"ಮುಚ್ಚಿತ್ತು ಸಾರ್."

"ತೆಗೆದೋರು ಯಾರು?"

ಹರಿದ ಪ್ಯಾಂಟು, ಹೋದ ಗಡಿಯಾರ, ಊದಿದ ನೆತ್ತಿ ಎಲ್ಲ ಅವನ ಪರವಾಗಿ ಮಾತಾಡುತ್ತಿದ್ದವು. "ನಾನೇ ಸಾರ್" ಎಂದ.

ಬಾಸು ಅವನ ಕಿವಿಯ ಹತ್ತಿರ ಬಾಯಿ ತಂದರು. "ಬೆಳಿಗ್ಗೆ ಏನು ಮಾಡಿದ್ದೆಯೋ ಅದನ್ನೇ ಇನ್ನೊಂದು ಸಲ ಮಾಡು. ಈ ಕ್ಷಣ. ಅವರು ಹೂಂ ಅಂದ್ರೆ ನೀನು ಇವತ್ತಿಂದಲೇ ಕಾಯಂ."

ಕಾಯಂ! ಆ ಒಂದು ಮಾತಿಗೆ ಆಯ್ತುಬಿಡಿಯ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಕೆಳಗೆ ಹಾರಿದ, ಕಾರ್ಯದರ್ಶಿಗಳ ಹೆಸರು ಹಿಡಿದ, ಅಳಿಸು ಎಂದು ಒತ್ತಿದ. ಈ ಸಲ ಕಂಪ್ಯೂಟರು ಏನೂ ಕೇಳಲಿಲ್ಲ, ಚಕ್ರವೂ ಸುತ್ತಲಿಲ್ಲ. ಬೆಳಿಗ್ಗೆ ಇದಕ್ಕೆ ಅಷ್ಟು ಹೊತ್ತು ಹಿಡಿದಿತ್ತಲ್ಲ ಎಂದು ಅನುಮಾನ ಬಂದರೂ, ಅದನ್ನು ವಿಚಾರಿಸುತ್ತ ಕೂರಲು ವ್ಯವಧಾನ ಇರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದ.

ದರ್ಜಿ ವಾಪಸ್ ಬಂದು ಒತ್ತಿದ. ಹಸಿರು ದೀಪ. ಕಾವಲಿನ ತಾತ ಒತ್ತಿದ. ಹಸಿರು ದೀಪ. ನಾಯಿ ಇನ್ನೊಂದು ಸುತ್ತು ಹೋಗಿ ಬಂತು. ಆಗ ರಸ್ತೆಯಾಚೆಯಿಂದ ಕಾರ್ಯದರ್ಶಿಗಳು ಬಂದರು. ಬಿಸಿಲಲ್ಲಿ ನಿಂತು ಅತ್ತೆಗೆ ಕಾಲುನೋವು ಬಂದಿದೆಯೆಂದು ಔಷಧಿ ಅಂಗಡಿಗೆ ಹೋಗಿದ್ದರು. ಒಂದು ಕೈಯಲ್ಲಿ ಮುಲಾಮಿನ ಪೊಟ್ಟಣ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ಒತ್ತಿದರು.

ಕೆಂಪು ದೀಪ. "ಕ್ಷಮಿಸಿ, ನಿಮ್ಮ ಗುರುತು ಸಿಗಲಿಲ್ಲ."

ತಾಯಿ ಹೋಗಿದ್ದಳು, ಮಕ್ಕಳೆಲ್ಲ ಭದ್ರವಾಗಿ ಉಳಿದಿದ್ದರು. ಪ್ರೋಗ್ರಾಮು ಹುಟ್ಟಿದಂದಿನಿಂದ ಮೊದಲ ಸಲ ಚಾಚೂ ತಪ್ಪದೆ ಕೆಲಸ ಮಾಡಿತ್ತು.

ಅತ್ತೆಮ್ಮ ಕುರ್ಚಿಯಿಂದ ಚಂಗನೆ ಎದ್ದರು. "ನನ್ನ ಅಳಿಯನ್ನ ತೆಗೆದೋರು ಯಾರು? ಚಿನ್ನದಂಥಾ ಮನುಷ್ಯ, ನನಗೆ ಔಷಧಿ ತರೋಕೆ ಹೋದ್ರೆ ಬಾಗಿಲು ಹಾಕ್ತಾರಾ?"

"ಅಮ್ಮಾ, ಬೆಳಿಗ್ಗೆ ನೀವೇ..."

"ಬೆಳಿಗ್ಗೆದು ಬೆಳಿಗ್ಗೆಗೆ! ಈಗ ಯಾರು ಹೇಳಿದ್ರು ನಿಂಗೆ?"

ಹೇಳಿದ ಬಾಸು ಮೋಡ ನೋಡುತ್ತಿದ್ದರು. ಗಿರಾಕಿ ಮೀಸೆ ತಿರುವಿ ಒಂದು ಹೆಜ್ಜೆ ಹಿಂದೆ ಸರಿದರು. "ಎಲ್ಲರನ್ನೂ ತಡೆದರೆ ಅದು ಶಿಸ್ತು. ಎಲ್ಲರನ್ನೂ ಬಿಟ್ಟು ಕಾರ್ಯದರ್ಶಿಯೊಬ್ಬರನ್ನೇ ತಡೆದರೆ ಅದು ಅವಮಾನ ರೀ. ನಮ್ಮ ಕಾಲನಿಗೆ ಕಾರ್ಯದರ್ಶಿ ಯಾರು ಗೊತ್ತಾ? ನಾನು." ಹಾಗೆಂದು ಕಾರು ಹತ್ತಿ ಹೊರಟೇಹೋದರು.

ಆ ಸಾಲನ್ನು ವಾಪಸ್ ಬರೆದು ಇನ್ನೊಂದು ಸಲ ಅಳಿಸಲೇ, ಇಲ್ಲ ಕಾರ್ಯದರ್ಶಿಗಳನ್ನು ಮತ್ತೆ ತುಂಬಲೇ ಎಂದು ಆಯ್ತುಬಿಡಿ ಕೇಳಿನೋಡಿದ. ಇಡೀ ಕಟ್ಟಡ ಒಕ್ಕೊರಲಿನಿಂದ, ನಾಳೆಯವರೆಗೆ ಇವನು ಕಂಪ್ಯೂಟರಿನ ಹತ್ತಿರ ಸುಳಿಯಕೂಡದು ಎಂದಿತು. ಬಾಸು ನೆಲಮಾಳಿಗೆಯ ಕೋಣೆಗೆ ಬೀಗ ಜಡಿದು, ಕೀಲಿಕೈ ಜೇಬಿಗಿಟ್ಟರು.

"ಹಾಗಾದ್ರೆ ನಾನು ಒಳಗೆ ಹೋಗೋದು ಹೇಗೆ?" ಕಾರ್ಯದರ್ಶಿಗಳು ಕೇಳಿದರು.

"ಇವನ ಬೆರಳು ಪಟ್ಟೀಲಿದೆಯಲ್ಲ. ನೀವು ಬಂದಾಗ, ಹೋದಾಗ ಇವನೇ ಒತ್ತಲಿ" ಎಂದು ಅತ್ತೆಮ್ಮನವರು ತೀರ್ಪು ಕೊಟ್ಟರು.

ತಾತ ಸಂತೋಷದಿಂದ ತನ್ನ ಸ್ಟೂಲು ಬಿಟ್ಟುಕೊಟ್ಟ. ಆಯ್ತುಬಿಡಿ ಗೇಟಿನ ಪಕ್ಕ ಕೂತ. ಕಾರ್ಯದರ್ಶಿಗಳು ಒಳಗೆ ಹೋದರು, ಅವನು ಒತ್ತಿದ. ಸ್ವಲ್ಪ ಹೊತ್ತಿಗೆ, ಮುಲಾಮಿನ ಚಿಲ್ಲರೆ ಮರೆತೆ ಎಂದು ಹೊರಗೆ ಬಂದರು, ಒತ್ತಿದ. ತಂದು ಒಳಗೆ ಹೋದರು, ಒತ್ತಿದ. ಊಟವಾದ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಬೇಕೆಂದು ಬಂದರು. ಅವರ ನಾಲ್ಕು ಹೆಜ್ಜೆಗಳಲ್ಲಿ ಎರಡು ಗೇಟಿನ ಒಳಗೆ, ಎರಡು ಹೊರಗೆ ಬೀಳುತ್ತಿದ್ದವು. ಅತ್ತೆಮ್ಮನವರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಮುಲಾಮು ಹಚ್ಚಿಕೊಳ್ಳುತ್ತ ನೋಡುತ್ತಿದ್ದರು.

"ಬಾಸು ಹೋಗೋವಾಗ ಏನೋ ಹೇಳ್ತಿದ್ರಲ್ಲಪ್ಪ, ಏನು?" ಎಂದು ಕೇಳಿದರು.

"ಹಂಗಾಮಿ ಕೆಲಸ ಇನ್ನೂ ಒಂದು ವರ್ಷ ಮುಂದುವರಿಸ್ತಾರಂತೆ ಅಮ್ಮಾ."

"ಒಳ್ಳೇದಾಯ್ತು ಬಿಡು" ಎಂದರು ಅತ್ತೆಮ್ಮ. "ಅಗೋ, ನಮ್ಮ ಅಳಿಯಂದ್ರು ಮತ್ತೆ ಬಂದ್ರು. ಒತ್ತಪ್ಪಾ."